ಚಿಕ್ಕಮ್ಮನ ಹಾಡಿಗೊಂದು ಸರ್ವರ್

ಚಿಕ್ಕಪ್ಪ ಮುರಳೀಧರ ರೈಲ್ವೆ ರಿಸರ್ವೇಶನ್ ಕೌಂಟರಿನಿಂದ ನಿವೃತ್ತರಾಗಿದ್ದರು, ಆದರೆ ಅವರ ತಲೆಯಿಂದ ರೈಲು ಇಳಿದಿರಲಿಲ್ಲ. ಚಿಕ್ಕಮ್ಮ ಅನಸೂಯ ಹಸೆಹಾಡು ಹಾಡಲು ಕೂತರೆ ತಾಂಬರಂನ ಅವರ ಓಣಿಯೇ ಕಿವಿಯಾಗುತ್ತಿತ್ತು. ಗಂಟಲಿನ ಆಪರೇಷನ್ ಆದ ಮೇಲೆ ಆ ದನಿ ಹೋಯಿತು. ಬೂಷ್ಟು ಹಿಡಿದ ಕ್ಯಾಸೆಟ್ಟುಗಳಲ್ಲಿದ್ದುದನ್ನು ನಾನು ಹೇಗೋ ಕಂಪ್ಯೂಟರಿಗೆ ಇಳಿಸಿದೆ. ಸಿಡಿ ಮಾಡಿಕೊಡುತ್ತೇನೆಂದರೆ ಚಿಕ್ಕಪ್ಪ ಒಪ್ಪಲಿಲ್ಲ.

"ಬೀರುವಿನಲ್ಲಿ ಬಚ್ಚಿಡೋಕೆ ಅದೇನು ಒಡವೆಯೇನೋ ಪ್ರಮೋದ? ಲೋಕವೆಲ್ಲ ಕೇಳ್ಬೇಕು. ಅವರ ಜೊತೆ ನಾನೂ ಕೇಳ್ತೀನಿ."

ಅದು ಎರಡು ಸಾವಿರದ ಮೂರನೆಯ ಇಸವಿ. ಅಂಬತ್ತೂರಿನ ಆಫೀಸಿನಲ್ಲಿ ವೆಬ್‌ಸೈಟುಗಳಿಗೆ ಸರ್ವರ್ ಹೊಂದಿಸುವುದೇ ನನ್ನ ಕೆಲಸ. ಎಲ್ಲರನ್ನೂ ಕೇಳುವ ಮೊದಲ ಪ್ರಶ್ನೆಯನ್ನೇ ಕೇಳಿದೆ: ಎಷ್ಟು ಜನ ಬರಬಹುದು?

ಚಿಕ್ಕಪ್ಪ ಕಣ್ಣು ಮುಚ್ಚಿದರು. ಒಂದು ಉದ್ದನೆಯ ರೈಲಂತೆ. ಹೆಸರೇ ಗೊತ್ತಿಲ್ಲದ ಊರುಗಳ ಜನ ದಿಂಬು ಹಿಡಿದು ಹತ್ತುತ್ತಾರಂತೆ. ಕಿಟಕಿಯಾಚೆ ಮೋಡಗಳು ಸರಿಯುತ್ತವಂತೆ, ಎಲ್ಲ ಬೋಗಿಗಳಲ್ಲೂ ಅನಸೂಯಳ ದನಿಯಂತೆ.

ನಗು ನುಂಗಿಕೊಂಡೆ. ರೈಲು ತುಂಬುವಷ್ಟು ದೊಡ್ಡ ಯಂತ್ರ ತಂದು ಖಾಲಿ ಓಡಿಸುವ ಹುಚ್ಚು ನನಗಿರಲಿಲ್ಲ. ಹತ್ತಾರು ಸೈಟುಗಳಿದ್ದ ಒಂದು ಸರ್ವರಿನ ಮೂಲೆಯಲ್ಲಿ ಜಾಗ ಮಾಡಿ, "ಒಂದೇ ಹೊತ್ತಿಗೆ ಇಪ್ಪತ್ತು ಜನ ಕೇಳಬಹುದು" ಎಂದೆ.

"ಬರೀ ಇಪ್ಪತ್ತೇನಾ?" ಅವರ ಮುಖ ಬಾಡಿತು.

ತಿಂಗಳಾದ ಮೇಲೆ ನೋಡಿದರೆ ಒಬ್ಬರೂ ಬಂದಿರಲಿಲ್ಲ. ಸ್ವತಃ ಚಿಕ್ಕಪ್ಪನೂ! ನನಗೆ ರೇಗಿಹೋಯಿತು. ಭಾನುವಾರ ನೇರ ತಾಂಬರಂಗೆ ಹೋದೆ.

"ಅಷ್ಟು ಕಾಡಿಸಿ ಮಾಡಿಸ್ಕೊಂಡ್ರಿ. ಒಂದು ಸಲನಾದ್ರೂ ಕೇಳಿದ್ರಾ?"

"ಕೇಳ್ಬೇಕು ಅಂತ ಜೀವ ಒದ್ದಾಡತ್ತೆ ಕಣೋ" ಎಂದರು ಚಿಕ್ಕಪ್ಪ. "ಇರೋದೇ ಇಪ್ಪತ್ತು ಸೀಟು. ಮನೆಯವನೇ ಹೋಗಿ ಕೂತ್ಬಿಟ್ರೆ, ಪಾಪ, ಎಲ್ಲಿಂದಲೋ ಬಂದವರು ಜಾಗ ಇಲ್ದೆ ವಾಪಸ್ ಹೋಗ್ಬೇಕಲ್ಲ?"

ನನ್ನ ಜಾಣ ಲೆಕ್ಕದ ಮೇಲೆ ನನಗೇ ಅಸಹ್ಯವಾಯಿತು. ಅಡುಗೆಮನೆಯ ಬಾಗಿಲಲ್ಲಿದ್ದ ಚಿಕ್ಕಮ್ಮ ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡರು. ಯಾರೂ ಬಂದಿಲ್ಲವೆಂದು ಹೇಳಬೇಡ ಎನ್ನುವಂತೆ ತಲೆಯಾಡಿಸಿದರು.

"ನಿನ್ನೆ ಜಾಗ ಜಾಸ್ತಿ ಮಾಡಿದೀನಿ ಚಿಕ್ಕಪ್ಪ. ಈಗ ನೀವೂ ಕೇಳಬಹುದು" ಎಂದು ಸುಳ್ಳು ಹೇಳಿ, ಮಂಚದ ಪಕ್ಕದ ಕಂಪ್ಯೂಟರಿನಲ್ಲಿ ಸೈಟು ತೆರೆದೆ.

ಹಾಡು ತಡೆತಡೆದು ಶುರುವಾಯಿತು. ಮಂಚದ ಮೇಲೆ ಕೂತ ಚಿಕ್ಕಪ್ಪನ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

"ಈಗ ಎಷ್ಟು ಜನ ಇದಾರೋ?" ಪಿಸುಗುಟ್ಟಿದರು.

"ತುಂಬಿದೆ ಚಿಕ್ಕಪ್ಪ."

ಅವರು ಕಣ್ಣು ತೆರೆಯದೆ, ಸದ್ದಿಲ್ಲದೆ, ಮಂಚದ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟರು. ಚಿಕ್ಕಮ್ಮ ಬಂದು ಅಲ್ಲಿ ಕೂತರು.