ಪ್ಲಸ್ ಒಂದೂವರೆ

"ತಾಳು ತಾಳು, ಅಲ್ಲಾಡಬೇಡ. ಗದ್ದದ ಮೇಲೆ ದಾರ ಅಂಟಿಕೊಂಡಿದೆ," ಎನ್ನುತ್ತ ಅಜ್ಜಿ ಕೌಂಟರಿನ ಮೇಲಿಂದ ಕೈ ಚಾಚಿದರು.

ಕಣ್ಣಿನ ಆಪರೇಷನ್ ಆದ ಮೇಲೆ ಅವರಿಗದು ಮೊದಲ ಕನ್ನಡಕ. ಮೂಗಿಗೇರಿಸಿ ಅರ್ಧ ನಿಮಿಷವೂ ಆಗಿರಲಿಲ್ಲ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ನೋಡಿದರು, ತಮ್ಮ ಅಂಗೈಯ ಗೆರೆ ನೋಡಿ "ಅಬ್ಬಾ" ಎಂದರು, ಆಮೇಲೆ ಎದುರಿಗೆ ನಿಂತು ನಗುತ್ತಿದ್ದ ಅಂಗಡಿಯ ಹೆಂಗಸಿನ ಮುಖ ನೋಡಿದರು. ನಲವತ್ತು ವರ್ಷ ಹೊಲಿಗೆ ಮೆಷಿನ್ನಿನ ಮುಂದೆ ಕೂತ ಜೀವ ಅದು. ಯಾರ ಮೈಮೇಲೆ ದಾರದ ಚೂರು ಕಂಡರೂ ಹೆಕ್ಕಿ ತೆಗೆಯದೆ ಸುಮ್ಮನಿರುವುದು ಅವರಿಂದಾಗದ ಕೆಲಸ. ಎರಡು ಬೆರಳಲ್ಲಿ ಹಿಡಿದು ಎಳೆದರು. ಬರಲಿಲ್ಲ. ಸ್ವಲ್ಪ ಜೋರಾಗಿ ಎಳೆದರು. ದಾರದ ಜೊತೆಗೆ ಅವಳ ಮುಖವೇ ಮುಂದಕ್ಕೆ ಬಂತು.

ತಟ್ಟನೆ ಬೆರಳು ಬಿಟ್ಟರು. "ಅಯ್ಯೋ, ದಾರ ಅಂದ್ಕೊಂಡೆ ಕಣಮ್ಮ," ಎಂದರು ಅಜ್ಜಿ, ಸಣ್ಣ ದನಿಯಲ್ಲಿ. ಹಿಂದೆ ಬೆಂಚಿನ ಮೇಲೆ ಕೂತಿದ್ದ ಮೂವರು ಗಿರಾಕಿಗಳಿಗೆ ಕೇಳಿಸಿತೋ ಇಲ್ಲವೋ ದೇವರೇ ಬಲ್ಲ. ಅವಳಂತೂ ಕನ್ನಡಕದ ಡಬ್ಬಿ, ಒರೆಸುವ ಬಟ್ಟೆ, ಚೀಟಿ ಎಲ್ಲವನ್ನೂ ಅಜ್ಜಿಯ ಚೀಲಕ್ಕೆ ತುಂಬಿ, "ಹತ್ತು ದಿನ ಹಾಕಿ ನೋಡಿ, ತೊಂದರೆ ಇದ್ರೆ ಬನ್ನಿ," ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತನ್ನೇ ಹೇಳಿದಳು. ಅವರು ಮೆಟ್ಟಿಲಿಳಿದದ್ದೇ ತಡ, ಕಣ್ಣು ಪರೀಕ್ಷೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಲ್ಲಿ ಪರೀಕ್ಷೆಗೆಂದೇ ಇಟ್ಟ ದುಂಡನೆಯ ಫ್ರೇಮು ಇತ್ತು. ಬೇಕಾದ ಪವರಿನ ಗಾಜನ್ನು ಅದರೊಳಗೆ ಇಳಿಸಬಹುದು, ತೆಗೆಯಬಹುದು. ಪೆಟ್ಟಿಗೆಯಿಂದ ಪ್ಲಸ್ ಒಂದರ ಜೋಡಿ ತೆಗೆದು ಹಾಕಿ ಕೈಗನ್ನಡಿ ಎತ್ತಿ ಹಿಡಿದಳು. ಆಮೇಲೆ ಒಂದೂಕಾಲು. ಒಂದೂವರೆ ಹಾಕಿದಾಗ ಮುಖ ನಿಚ್ಚಳವಾಯಿತು. ಗದ್ದದ ತುಂಬ ಕೂದಲು. ತುಟಿಯ ಎರಡೂ ಮೂಲೆಯಲ್ಲಿ, ದವಡೆಯ ಗೆರೆಯುದ್ದಕ್ಕೂ, ಕೆಲವು ಕಪ್ಪು, ಕೆಲವು ಬಿಳಿ. ಒಂದಂತೂ ಅರ್ಧ ಬೆರಳುದ್ದ, ಈಗಷ್ಟೇ ಎಳೆಸಿಕೊಂಡು ಬುಡ ಕೆಂಪಾಗಿತ್ತು. ನಾಲ್ಕು ತಿಂಗಳಿಂದ ತನಗೆ ಇಲ್ಲವೇ ಇಲ್ಲ ಎಂದು ಅವಳು ನಂಬಿಕೊಂಡಿದ್ದ ಕೂದಲು ಇದು.

ಅದಕ್ಕೂ ಮೊದಲು ಅವಳಿಗೆ ಇಂಥ ಭ್ರಮೆ ಇರಲಿಲ್ಲ. ಹದಿನೇಳನೆಯ ವಯಸ್ಸಿನಿಂದ ಬೆಳಗ್ಗೆ ಐದೂವರೆಗೆ ಎದ್ದು, ಚಿಮಟ ಹಿಡಿದು, ಕಿಟಕಿಯ ಬಳಿ ಒಂದು ಗಂಟೆ ಕೂತವಳು. ಬ್ಲೇಡು, ಮೇಣ, ಮೂಗು ಮುಚ್ಚಿಕೊಂಡು ಹಚ್ಚಬೇಕಾದ ಕ್ರೀಮು, ಎಲ್ಲ ಆಗಿತ್ತು. ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆಯಿಂದ ಹೊಟ್ಟೆ ಕೆಟ್ಟಿತು, ಕೂದಲು ಜಗ್ಗಲಿಲ್ಲ. ಒಮ್ಮೆ ಧೈರ್ಯ ಮಾಡಿ ಪಾರ್ಲರಿಗೆ ಹೋದಾಗ ಅಲ್ಲಿನ ಹುಡುಗಿ "ಅಯ್ಯೋ, ಇಷ್ಟೊಂದಾ!" ಎಂದ ಅಬ್ಬರಕ್ಕೆ ಅಕ್ಕಪಕ್ಕದ ಕುರ್ಚಿಯವರೆಲ್ಲ ಕತ್ತು ತಿರುಗಿಸಿದ್ದರು. ಅದೇ ಮೊದಲು, ಅದೇ ಕೊನೆ. ಇಪ್ಪತ್ತೊಂಬತ್ತರಲ್ಲಿ ಒಬ್ಬ ಮಾಸ್ತರು ಅವಳನ್ನು ಮೆಚ್ಚಿಕೊಂಡಿದ್ದರು. ತಮ್ಮ ಅಕ್ಕ ಭಾವನ ಜೊತೆ ಮೂರು ದಿನ ಪ್ರವಾಸ ಹೋಗೋಣ ಬಾ ಎಂದು ಕರೆದರು. ಅವರ ಅಕ್ಕನ ಜೊತೆ ಒಂದೇ ಕೋಣೆಯಲ್ಲಿ ಮಲಗಿ, ಬೆಳಗಿನ ಆ ಒಂದು ಗಂಟೆಯನ್ನು ಎಲ್ಲಿ ಬಚ್ಚಿಡಲಿ ಎಂದು ತಿಳಿಯದೆ ಜ್ವರ ಎಂದು ಸುಳ್ಳು ಹೇಳಿದಳು. ಎರಡನೇ ಸಲ ಕರೆದಾಗಲೂ ಜ್ವರ ಬಂತು. ಮೂರನೇ ಸಲ ಮಾಸ್ತರು ಕರೆಯಲಿಲ್ಲ.

ಅಂಗಡಿಯಲ್ಲೂ ಅವಳದೊಂದು ಉಪಾಯವಿತ್ತು. ಹೊಸ ಕನ್ನಡಕ ಹಾಕಿಕೊಂಡವರಿಗೆ ಮೊದಲು ಕಾಣುವುದು ಹಾಕಿಕೊಟ್ಟವರ ಮುಖ, ಅದೂ ಎರಡಡಿ ದೂರದಿಂದ. ಅದಕ್ಕೇ ಅವಳು ಕನ್ನಡಕದ ಕಡ್ಡಿ ಕಿವಿ ಸೇರುವ ಮೊದಲೇ ಗಿರಾಕಿಯ ಎದುರು ಕನ್ನಡಿ ಹಿಡಿದುಬಿಡುತ್ತಿದ್ದಳು. ತಮ್ಮ ಮುಖ ಸಿಕ್ಕಿದ ಮೇಲೆ ಬೇರೆಯವರ ಮುಖ ಯಾರಿಗೆ ಬೇಕು? ಯಜಮಾನರು ಇದನ್ನು ವ್ಯಾಪಾರದ ಜಾಣತನ ಎಂದುಕೊಂಡು, "ಅವರನ್ನ ನೋಡಿ ಕಲೀರಿ," ಎಂದು ಉಳಿದವರಿಗೆ ಉಪದೇಶ ಮಾಡುತ್ತಿದ್ದರು. ಹೀಗಾಗಿ ಅವಳಿಗೆ ಕನ್ನಡಿ ಮೇಡಂ ಎಂದೇ ಹೆಸರು ಬಿದ್ದಿತ್ತು. ಇನ್ನೊಂದಕ್ಕೂ ಅವಳು ಹೆಸರುವಾಸಿ. ಅವಳು ಬಿಗಿ ಮಾಡಿದ ಸ್ಕ್ರೂ, ಫ್ರೇಮು ಮುರಿದರೂ ಸಡಿಲವಾಗದು ಎಂದು ಹಿಂದಿನ ಕೋಣೆಯಲ್ಲಿ ಗಾಜು ಕೊರೆಯುವ ಕೆಲಸಗಾರ ತಮಾಷೆ ಮಾಡುತ್ತಿದ್ದ.

ನಾಲ್ಕು ತಿಂಗಳ ಹಿಂದೆ ಹೊಸದೊಂದು ಕ್ರೀಮು ತಂದಳು. ಕೀಳಬೇಡಿ, ಕತ್ತರಿಸಬೇಡಿ, ಪದೇ ಪದೇ ಮುಟ್ಟಿ ನೋಡಬೇಡಿ, ಬುಡ ತಾನಾಗಿ ಸಾಯುತ್ತದೆ ಎಂದು ಒಳಗಿನ ಚೀಟಿ ಹೇಳಿತ್ತು. ಚೀಟಿಯ ಅಕ್ಷರ ಸಣ್ಣದಾಗಿತ್ತು, ಕೈ ಉದ್ದ ಮಾಡಿ ದೂರ ಹಿಡಿದು ಓದಿದಳು. ಮೂರು ವಾರಕ್ಕೆ ಕನ್ನಡಿಯಲ್ಲಿ ಗದ್ದ ನುಣ್ಣಗೆ ಕಂಡಿತು. ಮುಖ ತೊಳೆಯುವಾಗ ಕೈಗೂ ಏನೂ ಚುಚ್ಚಲಿಲ್ಲ. ಕತ್ತರಿಸಿದ ಕೂದಲು ಚುಚ್ಚುತ್ತದೆ, ಬೆಳೆಯಲು ಬಿಟ್ಟದ್ದು ಮೆತ್ತಗೆ ಮಲಗುತ್ತದೆ ಎಂಬುದು ಇಪ್ಪತ್ತೊಂಬತ್ತು ವರ್ಷ ಬೆಳೆಯಲು ಬಿಡದವಳಿಗೆ ಹೇಗೆ ಗೊತ್ತಿರಬೇಕು? "ನಲವತ್ತು ದಾಟಿದ್ಮೇಲೆ ಹತ್ತಿರದ್ದು ಮಸುಕಾಗೋದು ಎಲ್ರಿಗೂ ಬರುತ್ತೆ, ಇದ್ರಲ್ಲಿ ನಾಚಿಕೆ ಏನು ಬಂತು?" ಎಂದು ಗಿರಾಕಿಗಳಿಗೆ ಸಾವಿರ ಸಲ ಹೇಳಿದವಳು ಅವಳೇ. ಅವಳಿಗೂ ನಲವತ್ತಾರಾಗಿತ್ತು. ಡಾಕ್ಟರ ಬರಹ ಕೆಟ್ಟಿದೆ, ಮನೆಯ ಬಲ್ಬು ಮಂಕಾಗಿದೆ ಎಂದು ಗೊಣಗಿದಳೇ ಹೊರತು ತನ್ನ ಕಣ್ಣಿನ ಮೇಲೆ ಅನುಮಾನ ಬರಲಿಲ್ಲ. ಕೆಲಸದ ಮೇಜಿಗೆ ದೀಪದ ಭೂತಗನ್ನಡಿ ಇತ್ತು, ಅದರಡಿಯಲ್ಲಿ ಸ್ಕ್ರೂಗಳು ಚೆನ್ನಾಗಿಯೇ ಕಾಣುತ್ತಿದ್ದವು.

ಎಂಥ ನಾಲ್ಕು ತಿಂಗಳು! ಬೆಳಗಿನ ಆ ಗಂಟೆ ಕೈಗೆ ಬಂದಿತ್ತು. ನದಿಯ ದಂಡೆಯವರೆಗೆ ನಡೆದು ಹೋಗಿ ಬರುತ್ತಿದ್ದಳು. ಗೋಡೆಗೆ ಮುಖ ಮಾಡಿ ಒಬ್ಬಳೇ ಊಟ ಮಾಡುತ್ತಿದ್ದವಳು ಅಂಗಡಿಯಲ್ಲಿ ಬಿಲ್ಲು ಬರೆಯುವ ಹುಡುಗಿಯ ಪಕ್ಕದಲ್ಲಿ, ಕಿಟಕಿಯ ಬೆಳಕಿನಲ್ಲಿ ಡಬ್ಬಿ ಬಿಚ್ಚತೊಡಗಿದಳು. ಯಜಮಾನರು ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆಸಿದಾಗ ಮುಂದಿನ ಸಾಲಿನಲ್ಲಿ ಕೂತಳು. ಕನ್ನಡಿ ಹಿಡಿಯುವುದನ್ನೂ ಬಿಟ್ಟಳು. ಮಸುಕು ಸರಿದು ಜನರ ಮುಖ ಅರಳುವುದನ್ನು ಎದುರಿಗೇ ನಿಂತು ನೋಡುವುದರಲ್ಲಿ ಎಷ್ಟು ಸುಖವಿದೆಯೆಂದು ಇಷ್ಟು ವರ್ಷ ಆ ಕೆಲಸ ಮಾಡಿಯೂ ಅವಳಿಗೆ ತಿಳಿದಿರಲಿಲ್ಲ.

ಅಜ್ಜಿ ಬಂದುಹೋದ ಆ ದಿನ ಮಧ್ಯಾಹ್ನ ಡಬ್ಬಿ ಬಿಚ್ಚದೆ ಕೂತಳು. ಬಿಲ್ಲಿನ ಹುಡುಗಿ ಆಗಲೇ ಎರಡು ತುತ್ತು ತಿಂದಿದ್ದಳು.

"ನೀನು ನೋಡಿದ್ಯಾ?" ಎಂದು ಅವಳನ್ನು ಕೇಳಿದಳು.

"ಏನಕ್ಕಾ?"

"ಇದು." ಗದ್ದವನ್ನು ಕಿಟಕಿಗೆ ತಿರುಗಿಸಿದಳು.

ಹುಡುಗಿ ತುತ್ತನ್ನು ಡಬ್ಬಿಗೇ ಇಳಿಸಿದಳು. "ನೋಡಿದ್ದೆ."

"ಯಾವಾಗ?"

"ತುಂಬ ದಿನ ಆಯ್ತಲ್ಲ ಅಕ್ಕ. ಎರಡು ಮೂರು ತಿಂಗಳು."

"ಮತ್ತೆ ಒಂದು ಮಾತು ಹೇಳಬಾರದಾ?"

"ಹೆಂಗೆ ಹೇಳೋದು? ನೀವು ಬೇಕಂತಲೇ ಬಿಟ್ಟಿದ್ದೀರಿ ಅಂದ್ಕೊಂಡೆ. ನಗ್ತಾ ನಗ್ತಾ ಓಡಾಡ್ತಿದ್ರಿ. ನಾನು ನಮ್ಮನೇಲೂ ಹೇಳಿದೀನಿ, ನಮ್ಮ ಮೇಡಂ ಯಾರಿಗೂ ಕ್ಯಾರೇ ಅನ್ನಲ್ಲ, ಇದ್ರೆ ಹಂಗಿರಬೇಕು ಅಂತ." ಹುಡುಗಿಯ ಕಣ್ಣಿನಲ್ಲಿ ನಿಜವಾದ ಅಭಿಮಾನವಿತ್ತು. "ಯಾಕಕ್ಕಾ, ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿರದೆ ಏನು," ಎಂದು ಡಬ್ಬಿಯ ಮುಚ್ಚಳ ತೆಗೆದಳು. ಜನ ನೋಡಿದರೆಂಬ ಸಂಕಟ ಒಂದು ಕಡೆ ಇತ್ತು. ಅದಕ್ಕಿಂತ ದೊಡ್ಡದೊಂದು ಸಂಕಟ ಮೆಲ್ಲಗೆ ಒಳಗಿಳಿಯುತ್ತಿತ್ತು. ನಾಲ್ಕು ತಿಂಗಳು ಇಷ್ಟು ಜನರ ನಡುವೆ ಓಡಾಡಿದರೂ, ಬಾ ಇಲ್ಲಿ, ಮುಖ ನೋಡಿಕೊಂಡೆಯಾ ಎಂದು ಹಕ್ಕಿನಿಂದ ಕೇಳುವವರು ಒಬ್ಬರೂ ಇರಲಿಲ್ಲ. ಕೊನೆಗೆ ಕೈ ಹಾಕಿದ್ದು ಹೆಸರು ಗೊತ್ತಿಲ್ಲದ ಒಬ್ಬ ಗಿರಾಕಿ, ಅದೂ ದಾರ ಎಂದುಕೊಂಡು.

ಸಂಜೆ ಅಂಗಡಿಯಿಂದ ಒಂದೂವರೆಯ ರೆಡಿಮೇಡ್ ಕನ್ನಡಕ ತಂದಳು. ಬೆಳಕು ಆರುವ ಮೊದಲು ಕಿಟಕಿಯ ಬಳಿ ಕೂತು ಒಂದೊಂದಾಗಿ ಕಿತ್ತಳು. ನಾಲ್ಕು ತಿಂಗಳ ಬೆಳೆ, ಕಣ್ಣಲ್ಲಿ ನೀರು ಬಂತು. ನೋವಿಗೆ ಬಂದದ್ದು ಎಂದು ಹೇಳಿಕೊಳ್ಳಲು ಅನುಕೂಲವೇ ಆಯಿತು. ದವಡೆಯ ಮೂಳೆಯ ಹಿಂದೆ, ಕಿವಿಯ ಕೆಳಗೆ, ಅಲ್ಲಿ ಮಾತ್ರ ಯಾವ ಕನ್ನಡಿ ಹಿಡಿದರೂ ಕಾಣುವುದಿಲ್ಲ, ಯಾವ ಪವರಿನ ಗಾಜಿಗೂ ಎಟುಕುವುದಿಲ್ಲ. ಅದು ಅಮ್ಮನ ಜಾಗವಾಗಿತ್ತು. ಭಾನುವಾರ ಬೆಳಗ್ಗೆ ಅಮ್ಮ ಗೋಡೆಗೊರಗಿ ಕಾಲು ಚಾಚುತ್ತಿದ್ದಳು, ಇವಳು ತೊಡೆಯ ಮೇಲೆ ತಲೆಯಿಡುತ್ತಿದ್ದಳು. ಅಮ್ಮ ಅದರ ಬಗ್ಗೆ ಒಂದು ದಿನವೂ ಅಯ್ಯೋ ಎನ್ನಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ನೆರೆಮನೆಯವರ ಜಗಳದ ಸುದ್ದಿ ಹೇಳುತ್ತ ಹೇಳುತ್ತ ಕೀಳುತ್ತಿದ್ದಳು. ಮುಗಿದ ಮೇಲೆ ಕೆನ್ನೆ ತಟ್ಟಿ, "ಆಯ್ತು, ಏಳು ಮಹಾರಾಣಿ, ನನ್ನ ಕಾಲು ಜೋಮು ಹಿಡೀತು," ಎನ್ನುವುದು ವಾಡಿಕೆ. ಅಮ್ಮ ಹೋಗಿ ಮೂರು ವರ್ಷವಾಗಿತ್ತು. ಈಗ ಅಲ್ಲಿ ಬೆರಳಲ್ಲಿ ತಡವಿ, ಅಂದಾಜಿನ ಮೇಲೆ ಚಿಮಟ ಹಾಕಿ, ಹತ್ತರಲ್ಲಿ ಎಂಟು ಸಲ ಚರ್ಮವನ್ನೇ ಹಿಡಿದಳು.

ಮರುದಿನದಿಂದ ಐದೂವರೆಯ ಅಲಾರಾಂ ಮತ್ತೆ ಬಂತು. ಅಂಗಡಿಯಲ್ಲಿ ಕೈಗನ್ನಡಿಯೂ ಮತ್ತೆ ಬಂತು. ನದಿಯ ದಂಡೆಗೆ ಹೋಗುವುದು ನಿಂತಿತು. ಊಟಕ್ಕೆ ಮಾತ್ರ ಹುಡುಗಿಯ ಪಕ್ಕದಲ್ಲೇ ಕೂತಳು, ಕಿಟಕಿಗೆ ಬೆನ್ನು ಹಾಕಿ.

ಒಂಬತ್ತನೇ ದಿನ, ಆಗಷ್ಟೇ ಬಾಗಿಲು ತೆಗೆದು ನೆಲ ಒರೆಸಿದ ಹೊತ್ತಿಗೆ, ಅಜ್ಜಿ ಬಂದರು. ಕನ್ನಡಕ ಜಾರುತ್ತಿತ್ತು. ಜಾರದೆ ಇನ್ನೇನಾದೀತು? ಅಂದಿನ ಗಾಬರಿಯಲ್ಲಿ ಕಿವಿಯ ಅಳತೆಗೆ ಕಡ್ಡಿ ಬಾಗಿಸುವುದನ್ನೇ ಅವಳು ಮರೆತಿದ್ದಳು. ಅಜ್ಜಿ ಕುರ್ಚಿಯಲ್ಲಿ ಕೂತು ಕೌಂಟರಿನ ಗಾಜನ್ನೂ ಅದರೊಳಗಿನ ಫ್ರೇಮುಗಳನ್ನೂ ನೋಡಿದರು. ಅವಳ ಮುಖವನ್ನು ನೋಡಲಿಲ್ಲ.

"ಅವತ್ತು ನನ್ನ ಕೈ ಸುಮ್ನಿರ್ಲಿಲ್ಲ," ಎಂದರು ಗಾಜಿಗೇ ಹೇಳುವ ಹಾಗೆ. "ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈಕೊಂಡೆ. ನಿದ್ದೆ ಬರ್ಲಿಲ್ಲ ತಾಯಿ."

"ಬಿಡಿ ಅಮ್ಮ. ನೀವು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಾಗಿಸಿದಳು. ಅಜ್ಜಿಯ ಕಿವಿಗೆ ಇಟ್ಟು ನೋಡಿದಳು. ಸರಿಯಾಗಿ ಕೂತಿತು. ಇನ್ನು ಎರಡು ಸ್ಕ್ರೂ ಬಿಗಿ ಮಾಡಿದರೆ ಕೆಲಸ ಮುಗಿಯುತ್ತಿತ್ತು. ಅಂಗಡಿಯಲ್ಲಿ ಬಿಲ್ಲಿನ ಹುಡುಗಿಯ ಹೊರತು ಯಾರೂ ಇರಲಿಲ್ಲ, ಅವಳೂ ಕಂಪ್ಯೂಟರಿನೊಳಗೆ ಮುಖ ಹುದುಗಿಸಿದ್ದಳು.

"ಅಮ್ಮಾ, ಒಂದು ನೋಡಿ ಹೇಳ್ತೀರಾ?" ಎಂದಳು. "ಇಲ್ಲಿ, ಮೂಳೆಯ ಹಿಂದೆ. ನನಗೆ ಕಾಣಲ್ಲ."

ಅಜ್ಜಿ ತಲೆಯೆತ್ತಿದರು. ಕನ್ನಡಕ ಸರಿಪಡಿಸಿಕೊಂಡು ಅವಳ ಗದ್ದ ಹಿಡಿದು, ಬಟ್ಟೆಯ ಅಂಚು ನೋಡುವವರಂತೆ ಬೆಳಕಿಗೆ ತಿರುಗಿಸಿದರು. ಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿತ್ತು. "ಮೂರಿದೆ. ಚಿಮಟ ಕೊಡು." ಸ್ಕ್ರೂ ಹಿಡಿಯುವ ಚಿಮಟವನ್ನೇ ಸ್ಪಿರಿಟ್ಟಿನಲ್ಲಿ ಒರೆಸಿ ಕೊಟ್ಟಳು. "ನನಗೂ ಇದ್ವು ಕಣೇ. ನನ್ನ ನಾದಿನಿ ಕೀಳ್ತಿದ್ಲು. ಆ ಪುಣ್ಯಾತ್ಗಿತ್ತಿ ಹೋದ್ಲು, ಹಿಂದೇನೇ ನನ್ನ ಕಣ್ಣೂ ಹೋಯ್ತು. ಇದ್ಯೋ ಇಲ್ವೋ ಕಾಣ್ಲೇ ಇಲ್ಲ, ಪೀಡೆ ಕಳೀತು ಅಂದ್ಕೊಂಡಿದ್ದೆ. ಈಗ ನೀನು ಕನ್ನಡಕ ಕೊಟ್ಟೆ ನೋಡು, ಮತ್ತೆ ಶುರು." ನಗುತ್ತಲೇ ಒಂದು ಕಿತ್ತರು. "ಇದೊಂದು ಮಹಾ ಹಟಮಾರಿ. ಅಲ್ಲಾಡಬೇಡ ಅಂದೆ."

ಅವಳು ಅಲ್ಲಾಡಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದಳು. ಮೂರು ವರ್ಷದಲ್ಲಿ ಅವಳ ಮುಖವನ್ನು ಯಾರೂ ಹೀಗೆ ಮುಟ್ಟಿರಲಿಲ್ಲ. ಮೂರೇ ಯಾಕಿದೆ, ಮೂವತ್ತು ಇರಬಾರದಿತ್ತೇ ಎನ್ನಿಸಿತು.

"ಆಯ್ತು," ಎಂದು ಅಜ್ಜಿ ಚಿಮಟ ಕೆಳಗಿಟ್ಟರು. "ಇನ್ನು ನನ್ನದು ಬಿಗಿಯಾಗಿ ಮಾಡಿಕೊಡು. ಎರಡು ಬಸ್ಸು ಬದಲಿಸಿ ಬರಬೇಕು ನಾನು."

"ನಮ್ಮ ಮೇಡಂ ಮಾಡಿದ ಸ್ಕ್ರೂ ಜನ್ಮದಲ್ಲಿ ಸಡಿಲ ಆಗಲ್ಲ ಅಜ್ಜಿ," ಎಂದಳು ಹುಡುಗಿ, ಕಂಪ್ಯೂಟರಿನಿಂದ ತಲೆಯೆತ್ತದೆ.

ಭೂತಗನ್ನಡಿಯ ಕೆಳಗೆ ಮೊದಲ ಸ್ಕ್ರೂ ಬಿಗಿ ಮಾಡಿದಳು. ಎರಡನೆಯದನ್ನೂ ಇನ್ನು ತಿರುಗದು ಎನ್ನುವವರೆಗೆ ತಿರುಗಿಸಿದಳು. ಅಜ್ಜಿ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅಂಚು ಸರಿಪಡಿಸುತ್ತಿದ್ದರು. ಅವಳು ಸ್ಕ್ರೂಡ್ರೈವರನ್ನು ಮತ್ತೆ ಅದೇ ಸ್ಕ್ರೂವಿನ ಗೆರೆಗೆ ಕೂರಿಸಿ, ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿದಳು.

ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜಿಗೆ ಹಾಕಿದಳು. ಕನ್ನಡಿ ಎತ್ತಲಿಲ್ಲ. "ಸಡಿಲ ಆದ್ರೆ ಬನ್ನಿ ಅಮ್ಮ," ಎಂದಳು.

ಅಜ್ಜಿ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದರು. ಅವಳು ಗಾಜಿನ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. ರಸ್ತೆ ದಾಟುವ ಮೊದಲು ಅಜ್ಜಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿದರು, ಆಮೇಲೆ ಒಂದು ಬೆರಳಿನಿಂದ ಕನ್ನಡಕವನ್ನು ಮೂಗಿನ ಮೇಲಕ್ಕೆ ಸರಿಸಿಕೊಂಡರು.