ಬಲಗಾಲಿಗೆ ಹತ್ತು ದಿನ

ಹಿಂದಿನ ಎಡಚಕ್ರದಲ್ಲಿ ಗಾಳಿ ಕಮ್ಮಿ ಇದೆ, ಸೀಟು ಹೇಳುತ್ತಿದೆ, ತಿರುವಿನಲ್ಲಿ ವ್ಯಾನು ಆ ಕಡೆಗೆ ತುಸು ಜೋಲುತ್ತದೆ, ಓಡಿಸುತ್ತಿರುವ ಮೀಸೆಯವನಿಗೆ ಗೊತ್ತಾಗುತ್ತಿಲ್ಲವೇ — ಇರಲಿ, ನನಗೇಕೆ, ಇವತ್ತು ಸ್ಟೀರಿಂಗ್ ನನ್ನದಲ್ಲ, ಹತ್ತೊಂಬತ್ತು ವರ್ಷ ಸಿಟಿ ಬಸ್ಸು ಓಡಿಸಿದವಳು ಇವತ್ತು ಮೂರನೇ ಸಾಲಿನ ಕಿಟಕಿಯಲ್ಲಿ ಚೀಲ ತಬ್ಬಿಕೊಂಡು ಕೂತ ಬರೀ ಪ್ರಯಾಣಿಕಳು, ಆರೋಗ್ಯ ಶಿಬಿರಕ್ಕೆ ಕೊನೆಗೂ ಹೊರಟವಳು, ಹತ್ತು ದಿನ ವ್ಯಾಯಾಮ, ನಡಿಗೆ, ಈಜು, ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ದೆ, ಆದರೂ ಮುಂದೆ ಲಾರಿ ಕಂಡರೆ ಬಲಗಾಲು ತಾನಾಗಿ ನೆಲ ಒತ್ತುತ್ತದೆ, ಇಲ್ಲದ ಬ್ರೇಕನ್ನು, ಒತ್ತಿದ್ದು ಕಣ್ಣಿಗೆ ಕಾಣುತ್ತದೆ, ಅಷ್ಟೇ. ಹೋದ ವರ್ಷವೇ ಬರಬೇಕಿತ್ತು, ಅದರ ಹಿಂದಿನ ವರ್ಷವೂ, ಒಮ್ಮೆ ಅತ್ತೆ ಬಚ್ಚಲಲ್ಲಿ ಜಾರಿದರು, ಒಮ್ಮೆ ನಾದಿನಿಯ ಹೆರಿಗೆ, ಕಟ್ಟಿದ ಚೀಲ ಬಿಚ್ಚಿ ಶೂಗಳನ್ನು ಮತ್ತೆ ಡಬ್ಬಕ್ಕೆ ಹಾಕಿದ್ದೆ, ಎರಡು ವರ್ಷದ ಹೊಸ ಶೂ, ಮಣ್ಣು ಮುಟ್ಟದ್ದು. ಬೆಳಿಗ್ಗೆ ಬಾಗಿಲಲ್ಲೇ ಅತ್ತೆ, ಅಲ್ಲಮ್ಮಾ ಮೈ ಬಗ್ಗಿಸೋಕೆ ಅಷ್ಟು ದೂರ ಹೋಗ್ಬೇಕಾ, ಮನೆ ನೆಲ ಒರೆಸಿದ್ರೆ ಬಗ್ಗಲ್ವಾ, ಮಗಳು ಒಳಗಿನಿಂದಲೇ, ಹಾಗಾದ್ರೆ ಇವತ್ತಿಂದ ನೀನೇ ಬಗ್ಗು ಅಜ್ಜಿ, ಮೂವರೂ ನಕ್ಕೆವು, ನಗುತ್ತಲೇ ಕಂಬಿ ಹಿಡಿದು ಮೆಟ್ಟಿಲಿಳಿದೆ, ಏಕೆ ಹೋಗುತ್ತಿದ್ದೇನೆಂದು ಅವರಿಬ್ಬರಿಗೂ ಗೊತ್ತಿಲ್ಲ, ಗಂಡನಿಗೂ, ತೂಕ ಇಳಿಸೋಕೆ ಅಂದಿದ್ದೇನೆ, ಇಳಿದರೆ ಅದೂ ಇಳಿಯಲಿ ಪಾಪ.

ಮೂರು ವಾರದ ಹಿಂದೆ, ಗ್ರಂಥಾಲಯದ ಸ್ಟಾಪು, ಮಟಮಟ ಮಧ್ಯಾಹ್ನ, ಬ್ರೇಕಿನ ಮೇಲೆ ಕಾಲಿಟ್ಟೆ, ಇಟ್ಟೆನೇ, ಅಂಗಾಲಿಗೆ ಏನೂ ತಿಳಿಯದು, ಬಗ್ಗಿ ನೋಡುತ್ತೇನೆ, ಕಾಲು ಬ್ರೇಕಿನ ಪಕ್ಕ ಬರೀ ನೆಲದ ಮೇಲೆ ಯಾರೋ ಮರೆತುಹೋದ ಚಪ್ಪಲಿಯಂತೆ ಬಿದ್ದಿದೆ, ಕೈ ಹ್ಯಾಂಡ್‌ಬ್ರೇಕ್ ಎಳೆಯಿತು, ಕೈಗೆ ಬುದ್ಧಿಯಿತ್ತು, ಬಸ್ಸು ಬಿಳಿ ಗೆರೆ ದಾಟಿ ಗೇಣು ಮುಂದೆ ಹೋಗಿ ನಿಂತಿತು, ರಸ್ತೆ ದಾಟುತ್ತಿದ್ದ ಮುದುಕಿಯೊಬ್ಬಳ ಕೊಡೆಯ ತುದಿಗೆ ಬಸ್ಸಿನ ಮೂತಿ ತಗುಲಿತು, ಆಕೆ ಕೊಡೆಯೆತ್ತಿ ಬಸ್ಸಿಗೆ ಎರಡೇಟು ಹಾಕಿ, ಏನಮ್ಮಾ, ನನ್ನ ಮೇಲೆ ಅಷ್ಟೊಂದು ಪ್ರೀತಿನಾ, ಅಂದಳು, ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ, ಹಲ್ಲು ಕಿರಿದೆ ಅನ್ನಬೇಕು, ಕೈ ಇನ್ನೂ ಹ್ಯಾಂಡ್‌ಬ್ರೇಕ್ ಬಿಟ್ಟಿರಲಿಲ್ಲ. ಆ ಸಂಜೆಯೇ ಶಿಬಿರಕ್ಕೆ ಫೋನು ಮಾಡಿದೆ, ಜೋಮು ಹಿಡಿದ ಕಾಲಿಗೂ ಅಲ್ಲಿ ವ್ಯಾಯಾಮವಿದೆ, ವೈದ್ಯೆಯಿದ್ದಾರೆ ಅಂದರು, ಡಿಪೋಗೆ ಜ್ವರ ಅಂತ ಸುಳ್ಳು ಹೇಳಿದೆ, ಅವತ್ತಿನಿಂದ ಗಾಡಿ ಮುಟ್ಟಿಲ್ಲ, ನನಗೆ ಬೇರೆ ಏನು ಬರುತ್ತದೆ, ನಲವತ್ತೊಂಬತ್ತಕ್ಕೆ ಟಿಕೆಟ್ ಕೌಂಟರಿನ ಗಾಜಿನ ಹಿಂದೆ ಕೂತು ಚಿಲ್ಲರೆ ಕೊಡಿ ಚಿಲ್ಲರೆ ಕೊಡಿ ಅನ್ನುತ್ತಾ — ರೀ, ಹಿಂದಿನ ಎಡಚಕ್ರ ಒಮ್ಮೆ ನೋಡಿ, ಅಂದೇಬಿಟ್ಟೆ, ಮೀಸೆಯವನು ಕನ್ನಡಿಯಲ್ಲಿ ದಿಟ್ಟಿಸಿದ, ನಿಮಗೆ ಹೇಗ್ರೀ ಗೊತ್ತಾಯ್ತು, ನನಗಲ್ಲ, ಸೀಟಿಗೆ ಗೊತ್ತಾಯ್ತು.

ಗಾಳಿ ತುಂಬುವ ಅಂಗಡಿಯ ಮುಂದೆ ಎಲ್ಲರೂ ಇಳಿದೆವು, ಫೋನು, ಡಿಪೋ ಸಾಹೇಬರು, ಜ್ವರ ಬಿಟ್ಟಿತಾ ಮೇಡಂ, ಇಲ್ಲಿ ಇಬ್ಬರು ಡ್ರೈವರು ಹುಷಾರಿಲ್ಲದೆ ಮಲಗಿಬಿಟ್ಟಿದಾರೆ, ನಿಮ್ಮ ಏಳನೇ ನಂಬರಿನ ಗಾಡಿ ಬೆಳಿಗ್ಗೆಯಿಂದ ಹಾಗೇ ನಿಂತಿದೆ, ನಿಮ್ಮ ಕಾಲಿಗೆ ಬೀಳ್ತೀನಿ, ಎರಡೇ ದಿನ, ಆಮೇಲೆ ಎಷ್ಟು ಬೇಕಾದ್ರೂ ರಜೆ ತಗೊಳ್ಳಿ — ಆ ಕಾಲಿಗೋಸ್ಕರಾನೇ ಸಾರ್ ಹೊರಟಿರೋದು, ಅಂದೆ, ತಮಾಷೆ ಅಂದುಕೊಂಡರು, ನಕ್ಕರು. ರಸ್ತೆಯ ಆಚೆ ವಾಪಸು ಹೋಗುವ ಬಸ್ಸು ನಿಂತಿದೆ, ಬಾಗಿಲು ತೆರೆದಿದೆ, ಇಪ್ಪತ್ತು ಹೆಜ್ಜೆ, ಎರಡು ಸಲ ವಾಪಸು ಹೋದವಳಿಗೆ ಮೂರನೆಯದೇನು ದೊಡ್ಡದು, ಎರಡೇ ದಿನ, ಏಳನೇ ನಂಬರಿಗೆ ಕಾಯುವವರ ಮುಖಗಳು ಒಂದೊಂದೂ ಗೊತ್ತು, ಮುಂದಿನ ಸೀಟೇ ಬೇಕೆನ್ನುವ ದರ್ಜಿ, ಹತ್ತಿದೊಡನೆ ಗೊರಕೆ ಹೊಡೆಯುವ ನರ್ಸು, ಅವರೆಲ್ಲ ನನ್ನ ಬೆನ್ನ ಹಿಂದೆ, ನನ್ನ ಈ ಕಾಲಿನ ಮೇಲೆ — ಆಗಲ್ಲ ಸಾರ್. ಎರಡು ದಿನ ಅಲ್ಲ, ಒಂದು ಟ್ರಿಪ್ಪೂ ಆಗಲ್ಲ, ಜ್ವರ ಸುಳ್ಳು, ಕಾಲು ನಿಜ, ಬಂದ ಮೇಲೆ ಹೇಳ್ತೀನಿ. ಫೋನು ಆಫ್ ಮಾಡಿದೆ, ಚೀಲದ ತಳಕ್ಕೆ ತುರುಕಿದೆ, ಆಚೆಯ ಬಸ್ಸು ಹೊಗೆ ಬಿಟ್ಟು ಹೊರಟಿತು, ನಾನು ವ್ಯಾನು ಹತ್ತಿದೆ, ಮೀಸೆಯವನು, ಮುಂದೆ ಬನ್ನಿ ಮೇಡಂ, ಅಂದ, ಬೇಡಪ್ಪಾ, ನನಗೆ ಇಲ್ಲೇ ಅಭ್ಯಾಸ ಆಗಲಿ.

ಮಲಗಿ, ಕಣ್ಣು ಮುಚ್ಚಿ, ತಾಗಿದಾಗ ಹೇಳಿ, ಅನ್ನುತ್ತಾಳೆ ಶಿಬಿರದ ವೈದ್ಯೆ, ನನ್ನ ಮಗಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬೇಕು, ಕಡ್ಡಿಯ ತುದಿಗೆ ಹತ್ತಿ ಸುತ್ತಿದ್ದಾಳೆ, ಡಿಪೋದವರು ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆಯಲ್ಲೂ ಇದೇ ಹತ್ತಿ, ಅಲ್ಲಿ ರೆಪ್ಪೆಯ ಸಂದಿಯಿಂದ ನೋಡಿ ನೋಡಿ ಹೂಂ ಹೂಂ ಅನ್ನುತ್ತಿದ್ದೆ, ಎರಡು ವರ್ಷ ಹಾಗೇ ಪಾಸು — ಇವತ್ತು ಇಲ್ಲ, ಬಿಗಿಯಾಗಿ ಮುಚ್ಚಿದ್ದೇನೆ, ಕತ್ತಲು, ಗೋಡೆ ಗಡಿಯಾರ, ಅವಳ ಬಳೆಯ ಸದ್ದು, ಈಗ, ಅನ್ನುತ್ತಾಳೆ, ಇಲ್ಲ, ಈಗ, ಇಲ್ಲ, ಹೂಂ ನಾಲಿಗೆಯ ತುದಿಯಲ್ಲೇ ಇದೆ, ಅಂದುಬಿಟ್ಟರೆ ಲೈಸೆನ್ಸು ಉಳಿಯುತ್ತದೆ, ಈಗ, ಇಲ್ಲಮ್ಮಾ, ಇಲ್ಲ. ಏನು ಕೆಲಸ ಮಾಡ್ತೀರಾ. ಬಸ್ ಓಡಿಸ್ತಿದ್ದೆ, ಸರಿ ಹೋಗೋವರೆಗೂ ಮುಟ್ಟಲ್ಲ, ಹಾಗೇ ಬರ್ಕೊಳ್ಳಿ, ಡಿಪೋಗೂ ಒಂದು ಪ್ರತಿ ಕಳಿಸಿ. ಸರಿ ಹೋಗುತ್ತಾ, ಕೇಳಿದೆ. ಎರಡು ವರ್ಷ ಮುಂಚೆ ಬಂದಿದ್ರೆ ಹೂಂ ಅಂತಿದ್ದೆ, ಈಗ ಗೊತ್ತಿಲ್ಲ, ಬೆಳಿಗ್ಗೆ ಆರಕ್ಕೆ ಶೂ ಹಾಕ್ಕೊಂಡು ಬನ್ನಿ, ಶುರು ಮಾಡೋಣ. ಐದೂವರೆಗೇ ಬರ್ತೀನಿ. ಕಣ್ಣು ತೆರೆದೆ, ಹತ್ತಿ ಇನ್ನೂ ಬಲಗಾಲಿನ ಹೆಬ್ಬೆರಳ ಮೇಲೇ ಇದೆ, ಒತ್ತಿ ಹಿಡಿದಿದ್ದಾಳೆ, ಕಡ್ಡಿ ಬಾಗಿದೆ, ಹತ್ತಿ ಚಪ್ಪಟೆಯಾಗಿದೆ, ನನ್ನದೇ ಹೆಬ್ಬೆರಳು, ಬಿಳಿ ಹತ್ತಿ, ಹೆಬ್ಬೆರಳು, ಹತ್ತಿ —