ದಪ್ಪಕ್ಷರದವರ ಹೆಸರು

ಮಗಳು ಕೊನೆಯ ಖಾನೆಯನ್ನೂ ಎಳೆದು ನೆಲದ ಮೇಲೆ ಬೋರಲು ಹಾಕಿದಳು. ಅಂಗೈಯಗಲದ ಮರದ ಅಕ್ಷರಗಳು ದಡದಡನೆ ಬಿದ್ದವು. ಬೇಕಾದದ್ದು ಅದರಲ್ಲೂ ಇರಲಿಲ್ಲ.

"ಅಲ್ವೇ, ಅಲ್ಲಿ ನಿನ್ನಪ್ಪ ತಣ್ಣಗೆ ಮಲಗಿದ್ದಾನೆ, ಬಂದವರೆಲ್ಲ ಮಗಳೆಲ್ಲಿ ಅಂತ ಕೇಳ್ತಿದ್ದಾರೆ. ನೀನಿಲ್ಲಿ ಸೌದೆ ಕೆದಕ್ತಾ ಕೂತಿದ್ದೀಯಲ್ಲ," ಎಂದಳು ಬಾಗಿಲಲ್ಲಿ ನಿಂತ ಸೋದರತ್ತೆ.

"ಸೌದೆ ಅಲ್ಲ ಅತ್ತೆ, ಅಪ್ಪನ ಅಕ್ಷರ."

ಮನೆಗೂ ಮುದ್ರಣಾಲಯಕ್ಕೂ ನಡುವೆ ಒಂದು ಓಣಿ, ಅಷ್ಟೆ. ಆ ಬದಿಯಲ್ಲಿ ಅಪ್ಪ ಮಲಗಿದ್ದರು, ಈ ಬದಿಯಲ್ಲಿ ಅವರು ಆಯಸ್ಸು ಪೂರ್ತಿ ಕೆತ್ತಿದ ದಪ್ಪ ಅಕ್ಷರಗಳು. ಕೆತ್ತಿದವರು ಮಾತ್ರ ಕಡ್ಡಿಯಂಥ ಮನುಷ್ಯ. 'ದಪ್ಪಕ್ಷರದವರು ಬಂದ್ರು' ಎಂದು ಯಾರಾದರೂ ಅಂದರೆ ಹೊಸಬರು ಅವರನ್ನು ದಾಟಿ ಬಾಗಿಲಾಚೆ ಇಣುಕುತ್ತಿದ್ದರು.

ಮುದ್ರಣಾಲಯದ ಯಜಮಾನರು ಅಪ್ಪನ ಜೊತೆಯಲ್ಲೇ ತಲೆ ನರೆತವರು. ಓಣಿಯ ಬಾಯಿಗೆ ಅಂಟಿಸುವ ಸಾವಿನ ಸುದ್ದಿಯನ್ನು ಅಪ್ಪನ ಅಕ್ಷರದಲ್ಲೇ ಅಚ್ಚು ಹಾಕಬೇಕೆಂದು ಬೆಳಗಿನಿಂದ ಚೌಕಟ್ಟಿನ ಮುಂದೆ ನಿಂತಿದ್ದರು. ಎಲ್ಲ ಜೋಡಿಸಿ ಆಗಿತ್ತು. ಹೆಸರಿನ ನಡುವೆ ಮಾತ್ರ ಒಂದು ಅಕ್ಷರದಷ್ಟು ಖಾಲಿ.

"ಹುಡುಕಬೇಡಮ್ಮ. ಅದನ್ನ ಅವನು ಕೆತ್ತೇ ಇಲ್ಲ," ಎಂದರು. "ಕೆಲಸ ಬಂದ ಹಾಗೆ ಕೆತ್ತಿದ. ಸರ್ಕಸ್ಸಿಗೆ ಬೇಕಾದ್ದು, ಚಪ್ಪಲಿ ಅಂಗಡಿಗೆ ಬೇಕಾದ್ದು, ಹರಾಜಿಗೆ ಬೇಕಾದ್ದು. ಈ ಅಕ್ಷರ ಯಾರಿಗೂ ಬೇಕಾಗ್ಲಿಲ್ಲ."

"ಊರಿನ ಹೆಸರನ್ನೆಲ್ಲ ಗೋಡೆ ಮೇಲೆ ಮೆರೆಸಿದ್ರು. ಅವರ ಹೆಸರಿಗೇ ಅಕ್ಷರ ಇಲ್ವಾ ಮಾಮ?"

"ಆ ಕಡೆ ಬೀದೀಲಿ ಕಂಪ್ಯೂಟರಲ್ಲಿ ಮಾಡಿಸ್ಬಿಡೋಣ. ಚಿಟಿಕೆ ಹೊಡೆಯೋದ್ರಲ್ಲಿ ಆಗುತ್ತೆ."

"ಆ ಬಳುಕೋ ಅಕ್ಷರದಲ್ಲಾ? ಅಪ್ಪ ಎದ್ದು ಕೂತಾರು."

ಅತ್ತೆಗೆ ನಗು ಬಂದುಬಿಟ್ಟಿತು. ಯಾರಾದರೂ ನೋಡಿದರೋ ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಮಗಳು ಮೂಲೆಯಿಂದ ಒಂದು ಖಾಲಿ ಮರದ ತುಂಡನ್ನೂ ಅಪ್ಪನ ಉಳಿಯನ್ನೂ ಎತ್ತಿಕೊಂಡಳು.

"ಅಪ್ಪನ್ನ ಒಯ್ಯೋ ಗಾಡಿ ಬರೋದ್ರೊಳಗೆ ನಾನೇ ಕೆತ್ತಿಕೊಡ್ತೀನಿ. ಆ ಹೆಸರು ಅರೆಬರೆ ಹೋಗೋದು ಬೇಡ."

*

ಅವಳು ಮೇಜಿಗೆ ಗದ್ದ ಊರುವಷ್ಟು ಎತ್ತರವಿದ್ದ ಕಾಲ. ಅಪ್ಪ ತೆಳು ಕಾಗದದ ಮೇಲೆ ಅಕ್ಷರ ಬರೆದು, ಅದನ್ನು ಮಗುಚಿ ಮರಕ್ಕೆ ಅಂಟಿಸುತ್ತಿದ್ದರು. ಮರದಲ್ಲಿ ತಿರುವುಮುರುವಾಗಿ ನಿಂತರೆ ತಾನೇ ಅಚ್ಚಿನಲ್ಲಿ ನೆಟ್ಟಗೆ ಬೀಳುವುದು! ದಪ್ಪಗೆ ಬರೆಯುವುದೇನೂ ಕಷ್ಟವಲ್ಲ. ಆದರೆ ಗೆರೆ ಊದಿದಷ್ಟೂ ಅಕ್ಷರದ ಹೊಟ್ಟೆಯೊಳಗಿನ ಬಿಳಿ ಜಾಗ ಕಿರಿದಾಗಿ, ಮಸಿ ತುಂಬಿಕೊಂಡು, ಇಡೀ ಅಕ್ಷರ ಕರಿಮುದ್ದೆಯಾಗುತ್ತಿತ್ತು. ಆ ಚೂರು ಬಿಳಿಯನ್ನು ಉಳಿಸಿಕೊಳ್ಳಲು ಅಪ್ಪ ಉಸಿರು ಬಿಗಿಹಿಡಿದು ಉಳಿ ಆಡಿಸುತ್ತಿದ್ದರು.

"ಎಷ್ಟು ದಪ್ಪ ಆದ್ರೂ ಉಸಿರಾಡೋಕೆ ಜಾಗ ಬೇಕಲ್ಲಮ್ಮ," ಎನ್ನುತ್ತಿದ್ದರು.

"ನಿಮ್ಮ ಹೆಸರು ಯಾವಾಗ ಕೆತ್ತೋದು ಅಪ್ಪ?"

"ನನ್ನನ್ನ ಯಾರಿಗೆ ಮಾರಬೇಕು ಅಂತಿದ್ದೀಯ?" ಎಂದು ಅವಳ ಮೂಗಿನ ಮೇಲೆ ಮರದ ಪುಡಿ ಊದಿದ್ದರು.

ಸಂಜೆ ಇಬ್ಬರೂ ಪೇಟೆ ಸುತ್ತಲು ಹೋಗುತ್ತಿದ್ದರು. ಚಿತ್ರಮಂದಿರದ ಗೋಡೆ, ಬಸ್ ನಿಲ್ದಾಣದ ಕಂಬ, ಬಟ್ಟೆ ಅಂಗಡಿಯ ಗಾಜು, ಎಲ್ಲಿ ನೋಡಿದರೂ ಅಪ್ಪನ ಅಕ್ಷರಗಳೇ ಮೈ ತುಂಬಿಕೊಂಡು ನಿಂತಿರುತ್ತಿದ್ದವು. 'ಇದು ನಂದು' ಎಂದು ಅವರು ಒಮ್ಮೆಯೂ ಹೇಳಿಕೊಂಡವರಲ್ಲ. ಹತ್ತಿರ ಹೋಗಿ, "ಮಸಿ ಜಾಸ್ತಿ ಹಾಕಿದ್ದಾನೆ ಕಳ್ಳ," ಎಂದು ಯಜಮಾನರನ್ನು ಬೈದು ಮುಂದೆ ನಡೆಯುತ್ತಿದ್ದರು. ಅವಳಂತೂ ಊರೇ ತಮ್ಮದೆಂಬಂತೆ ಬೀಗುತ್ತಿದ್ದಳು. ಅಂಥ ಸುಖದ ಸಂಜೆಗಳು ಅವಳಿಗೆ ಮತ್ತೆ ಸಿಗಲೇ ಇಲ್ಲ.

*

ಕೈ ಏನನ್ನೂ ಮರೆತಿರಲಿಲ್ಲ. ಕಾಗದದ ಮೇಲೆ ಅಕ್ಷರ ತಾನಾಗಿ ಮೂಡಿತು. ಅಂಟಿಸಿದಳು, ಕೆತ್ತಿದಳು, ಹೊಟ್ಟೆಯ ಬಿಳಿಯನ್ನು ಜೋಪಾನವಾಗಿ ಬಿಡಿಸಿದಳು. ಬೆಳಗಿನಿಂದ ಅಳದೆ ಇದ್ದವಳಿಗೆ ಕಣ್ಣು ಮಂಜಾಗುತ್ತಿತ್ತು; ತೋಳಿನಿಂದ ಒರೆಸಿಕೊಂಡು ಮತ್ತೆ ಬಾಗುತ್ತಿದ್ದಳು. ಯಜಮಾನರು ಆ ತುಂಡನ್ನು ತೆಗೆದುಕೊಂಡು ಒಂದು ಗಳಿಗೆ ನೋಡಿದರು. ಆಮೇಲೆ ಖಾಲಿ ಜಾಗಕ್ಕೆ ಕೂರಿಸಿ, ಮಸಿ ಸವರಿ, ಯಂತ್ರದ ಹಿಡಿ ಎಳೆದರು.

ಮಗಳು ಕಾಗದ ಎತ್ತಿ ಬೆಳಕಿಗೆ ಹಿಡಿದಳು. ಅಪ್ಪನ ಹೆಸರಿನ ನಡುವೆ ಅವಳು ಕೆತ್ತಿದ ಅಕ್ಷರ ಬೆನ್ನು ತಿರುಗಿಸಿ ನಿಂತಿತ್ತು. ಕಾಗದ ಮಗುಚುವುದನ್ನೇ ಮರೆತಿದ್ದಳು.

"ನಿಮಗೆ ಮೊದಲೇ ಕಂಡಿತ್ತು, ಅಲ್ವಾ ಮಾಮ?"

"ಕಂಡಿತ್ತಮ್ಮ. ನಿನ್ನ ಮುಖ ನೋಡಿ ಹೇಳೋಕೆ ಬಾಯಿ ಬರಲಿಲ್ಲ."

ಆಗ ಅವಳಿಗೆ ಅಳು ಒತ್ತರಿಸಿ ಬಂತು. ಯಜಮಾನರ ಮಸಿ ಮೆತ್ತಿದ ತೋಳನ್ನೇ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಓಣಿಯಿಂದ ಹಾರ್ನ್ ಕೇಳಿಸಿತು. ಇನ್ನೊಂದು ಕೆತ್ತಲು ಹೊತ್ತಿರಲಿಲ್ಲ.

"ಇದನ್ನ ಅಂಟಿಸಿದ್ರೆ ಜನ ಏನಂದಾರು?" ಅತ್ತೆ ಮೆಲ್ಲಗೆ ಕೇಳಿದಳು.

ಮಗಳು ಮೂಗು ಒರೆಸಿಕೊಂಡಳು. "ಅಪ್ಪ ಇದ್ದಿದ್ರೆ ನನಗೆ ಬೈದು, ಇದನ್ನ ಎತ್ತಿಟ್ಕೊಳ್ತಿದ್ರು. ಅಂಟಿಸಿ ಮಾಮ."

ಹಸಿ ಮಸಿಯ ಕಾಗದ ಓಣಿಯ ಬಾಯಲ್ಲಿ ಗೋಡೆಗೇರಿತು. ಅಪ್ಪನ ಅಕ್ಷರಗಳನ್ನು ಜನ ಒಂದೇ ನೋಟಕ್ಕೆ ಓದಿಕೊಂಡು ತಮ್ಮ ಪಾಡಿಗೆ ಹೋಗಿಬಿಡುತ್ತಿದ್ದರು; ನಿಂತು ನೋಡಿದವರೇ ಇಲ್ಲ. ಈಗ ತರಕಾರಿ ಚೀಲ ಹಿಡಿದ ಹೆಂಗಸು ಮುಂದೆ ಹೋದವಳು ಹಿಂದೆ ಬಂದಳು. ಸೈಕಲ್ಲಿನವನು ಕಾಲೂರಿ ಕತ್ತು ಓರೆ ಮಾಡಿದ.

ಗಾಡಿಯ ಚಾಲಕ ಇಳಿದು ಗೋಡೆಯ ಹತ್ತಿರ ಬಂದ. ತಿರುಗಿ ನಿಂತ ಅಕ್ಷರವನ್ನು ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಿದ. ಸರಿಹೋಗಲಿಲ್ಲ, ಮೊದಲಿನಿಂದ ಮತ್ತೆ ಬರೆದ. ಆಮೇಲೆ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ಒಂದೊಂದೇ ಅಕ್ಷರ ಕೂಡಿಸುತ್ತಾ, ಆ ಹೆಸರನ್ನು ಓಣಿಗೆಲ್ಲ ಕೇಳುವಂತೆ ಓದಿದ.